ಫೋಟೊ ಪ್ರಿಂಟರ್ ಕೊಳ್ಳುವ ಮುನ್ನ ಕೂಡಿ ಕಳೆದು ನೋಡಿ

ಹೋದ ವರ್ಷ ಕಾರ್ತಿಕದಲ್ಲಿ ನಮ್ಮ ತಾತ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಹಾರ ಹಾಕಿ ಇಡಲು ಒಂದು ಫೋಟೊ ಬೇಕು ಎಂದು ಚಿಕ್ಕಪ್ಪ ಕೇಳಿದಾಗ ಮನೆಯಲ್ಲಿದ್ದವರೆಲ್ಲ ಮೊಬೈಲ್ ಹೊರತೆಗೆದೆವು. ಐದು ಮೊಬೈಲ್, ಸಾವಿರಾರು ಫೋಟೊ. ಹುಟ್ಟುಹಬ್ಬದ ಕೇಕ್ ಇದೆ, ಹೊಸ ಬೈಕ್ ಇದೆ, ಬೆಕ್ಕಿನ ಮರಿಯ ಮೂವತ್ತು ಫೋಟೊ ಇದೆ. ತಾತ ಮಾತ್ರ ಎಲ್ಲ ಕಡೆಯೂ ಅಂಚಿನಲ್ಲಿ. ಒಂದರಲ್ಲಿ ಅರ್ಧ ಮುಖ, ಇನ್ನೊಂದರಲ್ಲಿ ಕಣ್ಣು ಮುಚ್ಚಿದ್ದಾರೆ, ಮತ್ತೊಂದರಲ್ಲಿ ಗುಂಪಿನ ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ. ಕೊಬ್ಬರಿ ಅಟ್ಟದ ಕೆಳಗೆ ಕೂತು ನಗುತ್ತಿದ್ದ ಅವರ ಒಂದು ಒಳ್ಳೆಯ ಫೋಟೊ ನನ್ನ ಹಳೆಯ ಮೊಬೈಲಿನಲ್ಲಿತ್ತು. ಆ ಮೊಬೈಲ್ ಎರಡು ವರ್ಷದ ಹಿಂದೆ ಸಂಪಿಗೆ ಬಿದ್ದು ಸತ್ತುಹೋಗಿತ್ತು. ಬ್ಯಾಕಪ್ ಇರಲಿಲ್ಲ.

ಕೊನೆಗೆ ಆದದ್ದೇನೆಂದರೆ, ತಿಪಟೂರಿನ ಸ್ಟುಡಿಯೊದವರು ತಾತನ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ, ಚೌಕಟ್ಟು ಹಾಕಿಕೊಟ್ಟರು. ಅಜ್ಜಿ ಅದನ್ನು ಸ್ವಲ್ಪ ಹೊತ್ತು ನೋಡಿ, ‘ಇವ್ರಲ್ಲ ಕಣವ್ವ’ ಎಂದರು. ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ.

ನಾನು ಬಿಇ ಓದುತ್ತಿದ್ದೇನೆ, ವಿಷಯ ಎಲೆಕ್ಟ್ರಾನಿಕ್ಸ್. ರಜೆ ಮುಗಿಸಿ ಹಾಸ್ಟೆಲ್‌ಗೆ ಬಂದ ಮೇಲೆ ನನಗೆ ಹೊಳೆದ ಪರಿಹಾರವೂ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಹೊಳೆಯುವಂಥದ್ದೇ: ಒಂದು ಯಂತ್ರ ಕೊಳ್ಳೋಣ! ಮೊಬೈಲಿನಿಂದ ನೇರವಾಗಿ ಫೋಟೊ ಮುದ್ರಿಸುವ, ಚೀಲದಲ್ಲಿ ಹಿಡಿಸುವ ಪ್ರಿಂಟರ್. ಅಜ್ಜಿಯ ಫೋಟೊ ತೆಗೆದು ಅಲ್ಲೇ ಕೈಗೆ ಕೊಡಬಹುದು. ಅರ್ಜಿ, ಹಾಲ್ ಟಿಕೆಟ್, ಇಂಟರ್ನ್‌ಶಿಪ್ ಎಂದು ಪಾಸ್‌ಪೋರ್ಟ್ ಅಳತೆಯ ಫೋಟೊಗೆ ಅಲೆಯುವುದು ತಪ್ಪುತ್ತದೆ. ಕಾಲೇಜಿನ ಉತ್ಸವದಲ್ಲಿ ಮಳಿಗೆ ಹಾಕಿದರೆ ಹಾಕಿದ ದುಡ್ಡೂ ವಾಪಸ್. ನಾಲ್ವರು ಗೆಳತಿಯರು ತಲಾ ₹2,750 ಹಾಕಿ ಜನವರಿಯಲ್ಲಿ ₹11,000 ಕೊಟ್ಟು ಒಂದನ್ನು ಕೊಂಡೆವು. ನನ್ನ ಪಾಲಿನ ಹಣ ಅಮ್ಮ ಸಂಘದಿಂದ ತೆಗೆದುಕೊಟ್ಟದ್ದು. ಹಾಗಾಗಿ ಈ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ನನಗೆ ಬರೀ ಕುತೂಹಲದ್ದಲ್ಲ.

ಈಗ ಏಳು ತಿಂಗಳಾಗಿದೆ. ಇಂಥದ್ದೇ ಪ್ರಿಂಟರ್ ಕೊಳ್ಳುವ ಆಸೆ ಇರುವವರು ನನ್ನ ವಯಸ್ಸಿನಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿ ನಮ್ಮ ಲೆಕ್ಕದ ಪುಸ್ತಕ ತೆರೆದಿಡುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಫೋಟೊ ಪ್ರಿಂಟ್ ಮಾಡಿಸಲೇಬೇಕು. ಆದರೆ ಅದಕ್ಕೆ ಪ್ರತಿಯೊಬ್ಬರೂ ಯಂತ್ರ ಕೊಳ್ಳಬೇಕಿಲ್ಲ.

ಎಲ್ಲ ಕಿರು ಪ್ರಿಂಟರ್ ಒಂದೇ ಅಲ್ಲ

ಅಂಗಡಿಯಲ್ಲಿ ‘ಪೋರ್ಟಬಲ್ ಫೋಟೊ ಪ್ರಿಂಟರ್’ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ತಂತ್ರಜ್ಞಾನ ಮಾರಾಟಕ್ಕಿವೆ. ಇದನ್ನು ತಿಳಿಯದೆ ಕೊಂಡವರೇ ಹೆಚ್ಚು ಮೋಸಹೋಗುವುದು.

ಅತಿ ಅಗ್ಗದ್ದು ಕಪ್ಪು-ಬಿಳುಪು ಥರ್ಮಲ್ ಪ್ರಿಂಟರ್. ಮುದ್ದಾದ ಬೆಕ್ಕು, ಕರಡಿಯ ಆಕಾರದಲ್ಲೂ ಬರುತ್ತದೆ. ಬಸ್ ಟಿಕೆಟ್, ಎಟಿಎಂ ಚೀಟಿ ಬರುವುದೂ ಇದೇ ವಿಧಾನದಲ್ಲಿ. ಶಾಖ ತಗುಲಿದ ಕಡೆ ಕಾಗದ ಕಪ್ಪಾಗುತ್ತದೆ. ಹಳೆಯ ಬಸ್ ಟಿಕೆಟ್ ಜೇಬಿನಲ್ಲಿಟ್ಟು ಮರೆತವರಿಗೆ ಅದರ ಆಯಸ್ಸು ಎಷ್ಟೆಂದು ಹೇಳಬೇಕಿಲ್ಲ. ನೋಟ್ಸ್‌ಗೆ ಅಂಟಿಸಲು ಸರಿ, ನೆನಪಿಗೆ ಇಟ್ಟುಕೊಳ್ಳಲು ಅಲ್ಲ.

ಎರಡನೆಯದು ಜಿಂಕ್. ‘ಜೀರೊ ಇಂಕ್’ ಎಂಬುದರ ಚಿಕ್ಕ ರೂಪ. ಪೋಲರಾಯ್ಡ್ ಕಂಪನಿಯೊಳಗೆ ಹುಟ್ಟಿ ಆಮೇಲೆ ಬೇರೆಯಾದ ತಂತ್ರಜ್ಞಾನ. ಶಾಯಿಯೇ ಇಲ್ಲ, ಹಳದಿ, ಮಜೆಂಟಾ, ಸಯಾನ್ ಬಣ್ಣ ಕೊಡುವ ಹರಳುಗಳು ಕಾಗದದೊಳಗೇ ಮೂರು ಪದರವಾಗಿ ಇರುತ್ತವೆ. ಎಷ್ಟು ಶಾಖ, ಎಷ್ಟು ಹೊತ್ತು ಎಂಬುದರ ಮೇಲೆ ಯಾವ ಪದರ ಬಣ್ಣ ಬಿಡಬೇಕೆಂದು ತೀರ್ಮಾನವಾಗುತ್ತದೆ. ಯಂತ್ರ ಮೊಬೈಲಿನಷ್ಟೇ ದೊಡ್ಡದು, ಒಳಗೇ ಬ್ಯಾಟರಿ. ಆದರೆ ಫೋಟೊ ಸಾಮಾನ್ಯವಾಗಿ ಎರಡು ಇಂಚು ಅಗಲ, ಮೂರು ಇಂಚು ಎತ್ತರ. ಲ್ಯಾಪ್‌ಟಾಪಿನ ಹಿಂದೆ ಅಂಟಿಸಲು ಚೆಂದ. ಗೋಡೆಗೆ ಹಾಕಲು ಸಾಲದು.

ಮೂರನೆಯದು ಇನ್‌ಸ್ಟಾಕ್ಸ್ ಮಾದರಿಯ ಪ್ರಿಂಟರ್. ಇದು ನಿಜವಾದ ಫಿಲ್ಮ್. ಯಂತ್ರ ಒಳಗೆ ಫಿಲ್ಮಿನ ಮೇಲೆ ಬೆಳಕು ಬಿಡುತ್ತದೆ, ಹೊರಬಂದ ಮೇಲೆ ರಾಸಾಯನಿಕ ಕೆಲಸ ಮಾಡಿ ಚಿತ್ರ ನಿಧಾನವಾಗಿ ಮೂಡುತ್ತದೆ. ಮಿನಿ ಗಾತ್ರದಲ್ಲಿ ಚಿತ್ರದ ಅಳತೆ 62 ಮಿ.ಮೀ. ಎತ್ತರ, 46 ಮಿ.ಮೀ. ಅಗಲ. ನೋಡಲು ಬಹಳ ಇಷ್ಟವಾಗುವುದೂ, ಒಂದೊಂದು ಪ್ರತಿಗೂ ಕೈ ಸುಡುವುದೂ ಇದೇ.

ನಾಲ್ಕನೆಯದು ಡೈ ಸಬ್ಲಿಮೇಷನ್. ನಾವು ಕೊಂಡದ್ದು ಇದನ್ನು. ಕರ್ಪೂರ ಕರಗಿ ನೀರಾಗದೆ ನೇರ ಆವಿಯಾಗುವುದನ್ನು ಹೈಸ್ಕೂಲಿನಲ್ಲಿ ಓದಿದ್ದೇವಲ್ಲ, ಹೆಸರು ಅದರಿಂದಲೇ ಬಂದದ್ದು. ತೆಳುವಾದ ರಿಬ್ಬನ್ ಮೇಲೆ ಬಣ್ಣ ಇರುತ್ತದೆ. ಬಿಸಿ ತಲೆ ಅದನ್ನು ಕಾಯಿಸಿದಾಗ ಬಣ್ಣ ಕಾಗದದ ಮೇಲ್ಪದರದೊಳಕ್ಕೆ ಇಳಿಯುತ್ತದೆ. ಮೊದಲು ಹಳದಿ, ಆಮೇಲೆ ಮಜೆಂಟಾ, ಆಮೇಲೆ ಸಯಾನ್, ಕೊನೆಗೆ ಬಣ್ಣವಿಲ್ಲದ ಒಂದು ರಕ್ಷಣೆಯ ಪದರ. ಹಾಗಾಗಿ ಕಾಗದ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ. ಮೊದಲ ದಿನ ನಮ್ಮ ಕೋಣೆಗೆ ಹತ್ತು ಹುಡುಗಿಯರು ಬಂದು ಇದನ್ನು ನಿಂತು ನೋಡಿದರು. ಹಳದಿ ಮುಖ ಹೊರಬಂದಾಗ ‘ಹಾಳಾಯ್ತು’ ಎಂದು ಒಬ್ಬಳು ಕೂಗಿದ್ದಳು.

ಇಲ್ಲೊಂದು ಮಾತು. ಕೆಲವು ಜಾಹೀರಾತುಗಳಲ್ಲಿ ಇಂಕ್‌ಜೆಟ್‌ಗೆ 4,800 ಡಿಪಿಐ, ಡೈ ಸಬ್ಲಿಮೇಷನ್‌ಗೆ 300 ಡಿಪಿಐ ಎಂದಿರುತ್ತದೆ. ಹದಿನಾರು ಪಟ್ಟು ಕಳಪೆ ಎಂದುಕೊಳ್ಳಬೇಡಿ. ಇಂಕ್‌ಜೆಟ್‌ನದು ಸಣ್ಣ ಸಣ್ಣ ಹನಿಗಳ ಲೆಕ್ಕ; ಹಲವು ಹನಿ ಸೇರಿ ಒಂದು ಛಾಯೆಯಾಗಬೇಕು. ಡೈ ಸಬ್ಲಿಮೇಷನ್‌ನಲ್ಲಿ ಒಂದೊಂದು ಚುಕ್ಕೆಯೇ ಪ್ರತಿ ಬಣ್ಣದಲ್ಲಿ 256 ಹಂತದ ಛಾಯೆ ತಾಳಬಲ್ಲದು. ಮೂರು ಬಣ್ಣ ಸೇರಿ ಸುಮಾರು 1.67 ಕೋಟಿ ಬಣ್ಣ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಕಿಲೊ ಮತ್ತು ಲೀಟರ್ ಹೋಲಿಸಿದಂತೆ.

ಕಿಟಕಿಯ ಪರೀಕ್ಷೆ

‘ನೂರು ವರ್ಷ ಬಾಳುತ್ತದೆ’ ಎಂಬ ಮಾತು ಫೋಟೊ ಪ್ರಿಂಟರ್ ಮಾರುವವರ ಬಾಯಲ್ಲಿ ಸುಲಭವಾಗಿ ಬರುತ್ತದೆ. ಸಣ್ಣ ಅಕ್ಷರ ಓದಿದರೆ, ಅದು ಬೆಳಕು ಬೀಳದ ಆಲ್ಬಮ್‌ನಲ್ಲಿ ಇಟ್ಟಾಗಿನ ಅಂದಾಜು ಎಂದು ತಿಳಿಯುತ್ತದೆ. ನೂರು ವರ್ಷ ಕಾಯಲು ನಮಗೆ ಆಗುವುದಿಲ್ಲ. ಆದ್ದರಿಂದ ಮಾರ್ಚ್, ಏಪ್ರಿಲ್ ಬಿಸಿಲಿಗೆ ಒಂದೇ ಫೋಟೊದ ಐದು ಪ್ರತಿಗಳನ್ನು ಹಾಸ್ಟೆಲಿನ ಪಶ್ಚಿಮದ ಕಿಟಕಿಗೆ ಅಂಟಿಸಿದೆವು: ಬೆಕ್ಕಿನ ಥರ್ಮಲ್ ಪ್ರಿಂಟರಿನದು, ಗೆಳತಿಯ ಜಿಂಕ್ ಪ್ರಿಂಟರಿನದು, ಜೆರಾಕ್ಸ್ ಅಂಗಡಿಯ ಇಂಕ್‌ಜೆಟ್‌ನದು, ನಮ್ಮದು, ಮತ್ತು ಸ್ಟುಡಿಯೊದಿಂದ ತಂದದ್ದು. ಪ್ರತಿಯೊಂದರ ಅರ್ಧಕ್ಕೆ ಕಪ್ಪು ಚಾರ್ಟ್ ಕಾಗದ ಮುಚ್ಚಿದೆವು. ನಲವತ್ತು ದಿನದ ನಂತರ ಕಾಗದ ತೆಗೆದು ಎರಡೂ ಅರ್ಧ ಹೋಲಿಸಿದೆವು.

ಥರ್ಮಲ್ ಪ್ರತಿಯ ಬಿಸಿಲಿನ ಅರ್ಧದಲ್ಲಿ ಮುಖ ಯಾರದೆಂದು ಗುರುತು ಹಿಡಿಯಲಾಗದಷ್ಟು ಮಸುಕಾಗಿತ್ತು. ಇಂಕ್‌ಜೆಟ್ ಕಣ್ಣಿಗೆ ಕಾಣುವಷ್ಟು ಪೇಲವವಾಗಿತ್ತು. ಜಿಂಕ್ ಪ್ರತಿಯ ಬಣ್ಣ ಬದಲಾಗಿತ್ತು, ಬಿಳಿ ಅಂಗಿ ಕೆನೆಬಣ್ಣಕ್ಕೆ ತಿರುಗಿತ್ತು. ನಮ್ಮ ಯಂತ್ರದ್ದರಲ್ಲಿ ಹುಡುಕಿ ನೋಡಿದರೆ ಮಾತ್ರ ವ್ಯತ್ಯಾಸ. ಸ್ಟುಡಿಯೊ ಪ್ರತಿಯೂ ಹಾಗೆಯೇ. ಇದೇನು ಪ್ರಯೋಗಾಲಯದ ಪರೀಕ್ಷೆಯಲ್ಲ. ಒಂದೇ ಕಿಟಕಿ, ಒಂದೊಂದೇ ಪ್ರತಿ. ಆದರೂ ಯಾವುದನ್ನು ಗೋಡೆಗೆ ಹಾಕಬಹುದು, ಯಾವುದನ್ನು ಪುಸ್ತಕದೊಳಗೆ ಇಡಬೇಕು ಎಂದು ಹೇಳಲು ಇಷ್ಟು ಸಾಕಾಯಿತು.

ನೀರಿನ ಪರೀಕ್ಷೆ ಇನ್ನೂ ಸುಲಭ. ಚಹಾದ ಒಂದು ಹನಿ ಬಿಟ್ಟೆವು. ಇಂಕ್‌ಜೆಟ್ ಪ್ರತಿಯಲ್ಲಿ ಬಣ್ಣ ಹರಡಿತು. ಡೈ ಸಬ್ಲಿಮೇಷನ್ ಪ್ರತಿಯಲ್ಲಿ ಒರೆಸಿದರೆ ಹೋಯಿತು. ಕೊನೆಯ ರಕ್ಷಣೆಯ ಪದರದ ಉಪಕಾರ ಅದು. ಆದರೆ ಈ ಪ್ರಿಂಟಿಗೂ ಒಂದು ಶತ್ರು ಇದೆ: ಮೆತ್ತನೆಯ ವಿನೈಲ್ ಪ್ಲಾಸ್ಟಿಕ್. ಅದಕ್ಕೆ ಬಿಗಿಯಾಗಿ ಒತ್ತಿಟ್ಟರೆ, ಮೇಲೆ ಅಂಟು ಟೇಪ್ ಹಚ್ಚಿದರೆ ಬಣ್ಣ ಕೆಡುತ್ತದೆ ಎಂದು ಯಂತ್ರದ ಜೊತೆ ಬಂದ ಕೈಪಿಡಿಯಲ್ಲೇ ಬರೆದಿದೆ. ನಾನು ಅದನ್ನು ಓದಿದ್ದು, ಅಜ್ಜಿ ನಾನು ಕೊಟ್ಟ ಮೊದಲ ಫೋಟೊವನ್ನು ಎಲೆ-ಅಡಿಕೆ ಚೀಲದ ಪ್ಲಾಸ್ಟಿಕ್ ಕವರಿನಲ್ಲಿ ಎರಡು ತಿಂಗಳು ಇಟ್ಟು ತೋರಿಸಿದ ಮೇಲೆ. ಫೋಟೊದ ಬಣ್ಣ ಕವರಿಗೆ ಹತ್ತಿತ್ತು.

ಜೇಬಿನ ಲೆಕ್ಕ

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಪ್ರಿಂಟರಿನ ಬೆಲೆ ನೋಡಿ ಕೊಳ್ಳುವುದು, ಬೈಕಿನ ಬೆಲೆ ನೋಡಿ ಪೆಟ್ರೋಲ್ ಮರೆತಂತೆ. ನಮ್ಮ ಯಂತ್ರಕ್ಕೆ ಕಾಗದ ಮತ್ತು ರಿಬ್ಬನ್ ಜೊತೆಯಾಗಿಯೇ ಬರುತ್ತವೆ. 108 ಹಾಳೆಯ ಪೊಟ್ಟಣಕ್ಕೆ ನಾವು ಕೊಟ್ಟದ್ದು ₹2,900. ಅಂದರೆ ಪೋಸ್ಟ್‌ಕಾರ್ಡ್ ಗಾತ್ರದ ಒಂದು ಫೋಟೊಗೆ ಸುಮಾರು ₹27. ನಮ್ಮೂರ ಸ್ಟುಡಿಯೊದಲ್ಲಿ ಅದೇ ಗಾತ್ರಕ್ಕೆ ₹15. ಯಂತ್ರದ ₹11,000 ಬಿಟ್ಟುಬಿಡಿ, ಅದನ್ನು ಯಾರೋ ಉಡುಗೊರೆ ಕೊಟ್ಟರು ಎಂದುಕೊಂಡರೂ ಪ್ರತಿ ಫೋಟೊಗೆ ₹12 ನಷ್ಟ. ಯಂತ್ರದ ಬೆಲೆಯನ್ನು 500 ಫೋಟೊಗೆ ಹಂಚಿದರೆ ಇನ್ನೂ ₹22 ಸೇರಿ ಒಂದಕ್ಕೆ ₹49 ಆಗುತ್ತದೆ. ಹೆಚ್ಚು ಪ್ರಿಂಟ್ ಮಾಡಿದಷ್ಟೂ ಲಾಭ ಎಂಬ ಮಾತು ಇಲ್ಲಿ ನಡೆಯುವುದೇ ಇಲ್ಲ.

ಪಾಸ್‌ಪೋರ್ಟ್ ಫೋಟೊದ ಲೆಕ್ಕ ಬೇರೆ. ಹಾಳೆಯ ಅಳತೆ 148 ಮಿ.ಮೀ. ಉದ್ದ, 100 ಮಿ.ಮೀ. ಅಗಲ. ಪಾಸ್‌ಪೋರ್ಟ್ ಫೋಟೊ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಸಾಲಿಗೆ ನಾಲ್ಕರಂತೆ ಎರಡು ಸಾಲು, ಒಟ್ಟು ಎಂಟು ಫೋಟೊ ಒಂದೇ ಹಾಳೆಯಲ್ಲಿ ಕೂರುತ್ತವೆ. ಕಾಲೇಜಿನ ಬಳಿ ಎಂಟಕ್ಕೆ ₹100 ತೆಗೆದುಕೊಳ್ಳುತ್ತಾರೆ. ನಮಗೆ ಬೀಳುವುದು ₹27. ಹಾಳೆಗೆ ₹73 ಉಳಿತಾಯ. ಹಾಗಾದರೆ 151 ಹಾಳೆ ಮುದ್ರಿಸಿದರೆ ಯಂತ್ರದ ಹಣ ವಾಪಸ್! ಖುಷಿಯಿಂದ ಕುಣಿದೆವು. ಆಮೇಲೆ ಯೋಚಿಸಿದೆವು: ಒಬ್ಬಳಿಗೆ ವರ್ಷಕ್ಕೆ ಮೂರು ಹಾಳೆ ಬೇಕಾದೀತು. ನಾಲ್ವರಿಗೆ ಹನ್ನೆರಡು. 151 ಹಾಳೆ ಮುಗಿಯಲು ಹನ್ನೆರಡು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಅದರ ಆ್ಯಪ್ ನಮ್ಮ ಮೊಬೈಲಿನಲ್ಲಿ ನಡೆಯುತ್ತದೆಯೋ ಇಲ್ಲವೋ, ರಿಬ್ಬನ್ ಸಿಗುತ್ತದೆಯೋ ಇಲ್ಲವೋ.

ಇನ್ನು ಉತ್ಸವದ ಮಳಿಗೆ. ‘ಸೆಲ್ಫಿ ಕೈಗೆ, ಸ್ಥಳದಲ್ಲೇ’ ಎಂದು ಬೋರ್ಡ್ ಬರೆದು ಒಂದಕ್ಕೆ ₹50 ಇಟ್ಟೆವು. ಒಂದು ಪ್ರಿಂಟಿಗೆ ಮುಕ್ಕಾಲು ನಿಮಿಷ ಎಂದು ಪೆಟ್ಟಿಗೆಯ ಮೇಲಿತ್ತು, ಅದು ನಿಜವೂ ಹೌದು. ಆದರೆ ‘ಇದಲ್ಲ, ಆ ಫೋಟೊ’ ಎಂದು ಆರಿಸುವುದು, ಕಳಿಸುವುದು, ವೈಫೈ ಕಡಿದುಹೋಗುವುದು ಎಲ್ಲ ಸೇರಿ ಒಬ್ಬರಿಗೆ ಮೂರು ನಿಮಿಷವಾಗುತ್ತಿತ್ತು. ಸತತವಾಗಿ ನಡೆದರೆ ಯಂತ್ರ ಬಿಸಿಯಾಗಿ ತಾನೇ ನಿಂತುಬಿಡುತ್ತಿತ್ತು. ಮೈದಾನದ ಧೂಳು ಕಾಗದಕ್ಕೆ ಹತ್ತಿ ಮುಖದ ಮೇಲೆ ಬಿಳಿ ಚುಕ್ಕೆ ಬಂತು. ಏಳು ಹಾಳೆ ದಂಡ. ಎರಡು ದಿನದಲ್ಲಿ ಮಾರಿದ್ದು 92 ಫೋಟೊ, ಬಂದದ್ದು ₹4,600. ಹಾಳೆಯ ಖರ್ಚು ₹2,673, ಮಳಿಗೆ ಶುಲ್ಕ ₹500 ಕಳೆದರೆ ಉಳಿದದ್ದು ₹1,427. ನಾಲ್ವರಿಗೆ ಹಂಚಿದರೆ ತಲಾ ₹356. ಎರಡು ದಿನ ಬಿಸಿಲಿನಲ್ಲಿ ನಿಂತ ಕೂಲಿ! ಯಂತ್ರದ ಸಾಲ ಹಾಗೆಯೇ ಉಳಿಯಿತು.

‘ಪೋರ್ಟಬಲ್’ ಎಂಬ ಪದದ ಮೇಲೂ ನನ್ನ ತಕರಾರಿದೆ. ಯಂತ್ರ ಒಂದು ಕೆಜಿಗಿಂತ ಹಗುರ, ಸರಿ. ಆದರೆ ಬ್ಯಾಟರಿ ಬೇರೆ ಕೊಳ್ಳಬೇಕು. ಇಲ್ಲದಿದ್ದರೆ ಅಡಾಪ್ಟರ್, ವೈರ್, ಮುಂದೆ ಚಾಚುವ ಕಾಗದದ ತಟ್ಟೆ, ಹಿಂದೆ ಕಾಗದ ಹೊರಬಂದು ಹೋಗಲು ಅಷ್ಟೇ ಜಾಗ. ಹೊಲದ ಬದುವಿನಲ್ಲಿ ಅಜ್ಜಿಯ ಫೋಟೊ ತೆಗೆದು ಅಲ್ಲೇ ಕೊಡುವ ನನ್ನ ಕನಸು ಪ್ಲಗ್ ಪಾಯಿಂಟ್ ಹುಡುಕುವುದರಲ್ಲಿ ಮುಗಿಯಿತು.

ಯಾರೂ ಹೇಳದ ಎರಡು ವಿಷಯ

ಮೊದಲನೆಯದು ರಿಬ್ಬನ್. ನಮ್ಮ ಯಂತ್ರದಲ್ಲಿ ಒಂದು ರಿಬ್ಬನ್ ಡಬ್ಬಿಗೆ 36 ಫೋಟೊ. ಮುಗಿದ ಡಬ್ಬಿಯನ್ನು ಕಸಕ್ಕೆ ಎಸೆದಿದ್ದೆವು. ಮರುದಿನ ಹಾಸ್ಟೆಲ್ ಸ್ವಚ್ಛ ಮಾಡುವ ಅಕ್ಕ ಅದನ್ನು ಹಿಡಿದು ಬಂದು, ‘ಇದ್ರಲ್ಲಿ ನಿಮ್ ಮುಖ ಕಾಣ್ತದೆ ನೋಡ್ರಮ್ಮ’ ಎಂದರು. ನಿಜ. ಯಾವ ಕಡೆ ಬಣ್ಣ ಕಾಗದಕ್ಕೆ ಹೋಗಿದೆಯೋ ಆ ಕಡೆ ರಿಬ್ಬನ್ ಖಾಲಿ. ಹಾಗಾಗಿ ಪ್ರತಿ ಫೋಟೊದ ನೆಗೆಟಿವ್ ಅದರಲ್ಲಿ ಸಾಲಾಗಿ ಉಳಿದಿರುತ್ತದೆ. ಮೂವತ್ತಾರು ಹುಡುಗಿಯರ ಫೋಟೊ ಕಸದ ಬುಟ್ಟಿಯಲ್ಲಿ ಇತ್ತು ಎಂದು ತಿಳಿದಾಗ ಬೆವರಿದೆ. ಆ ಅಕ್ಕ ತಂದುಕೊಟ್ಟರು, ಇನ್ನೊಬ್ಬರು ಹಾಗೆ ಮಾಡದಿದ್ದರೆ? ಈಗ ಕತ್ತರಿಯಿಂದ ಚೂರು ಮಾಡಿಯೇ ಎಸೆಯುತ್ತೇವೆ. ಇಂಥ ಯಂತ್ರದಲ್ಲಿ ಗುರುತಿನ ಚೀಟಿ, ದಾಖಲೆ ಮುದ್ರಿಸುವವರೂ ಇದನ್ನು ನೆನಪಿಡಿ. ಆ ಪ್ಲಾಸ್ಟಿಕ್ ಡಬ್ಬಿಗಳು ಒಮ್ಮೆ ಬಳಸಿ ಎಸೆಯುವಂಥವು ಎಂಬುದೂ ನನಗೆ ಚುಚ್ಚುವ ವಿಷಯವೇ.

ಎರಡನೆಯದು ಯಂತ್ರದ ‘ಜಾಣತನ’. ಶಿವರಾತ್ರಿಗೆ ಊರಿಗೆ ಹೋದಾಗ ಅಜ್ಜಿಯ ಫೋಟೊ ತೆಗೆದು ಮುದ್ರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ ಕೇಳಿದರು: ‘ನನ್ ಹಚ್ಚೆ ಎಲ್ಲೋಯ್ತು?’ ಹಣೆಯ ಮೇಲೆ ಅವರಿಗೆ ಮದುವೆಗೆ ಮುಂಚೆ ಹಾಕಿಸಿದ ಹಚ್ಚೆ ಬೊಟ್ಟಿದೆ. ಆ್ಯಪ್‌ನ ಮುಖ ನಯಗೊಳಿಸುವ ಸೌಲಭ್ಯ ತಾನೇ ಚಾಲೂ ಇದ್ದು ಅದನ್ನು ಕಲೆ ಎಂದು ಒರೆಸಿಹಾಕಿತ್ತು. ಸುಕ್ಕುಗಳೂ ಅರ್ಧ ಮಾಯ. ಬಣ್ಣವನ್ನೂ ಒಂದು ಹಂತ ಬಿಳಿ ಮಾಡಿತ್ತು. ‘ಇವ್ರಲ್ಲ’ ಎನ್ನಿಸುವ ಇನ್ನೊಂದು ಫೋಟೊವನ್ನು ನಾನೇ ನನ್ನ ಕೈಯಾರೆ ತಯಾರಿಸಿದ್ದೆ. ಆಟೊ ಕರೆಕ್ಷನ್ ಎಲ್ಲ ತೆಗೆದು ಮತ್ತೆ ಮುದ್ರಿಸಿದೆ. ಯಾವುದೇ ಪ್ರಿಂಟರ್ ಬಳಸಿ, ಮೊದಲ ಕೆಲಸ ಇದು: ಆ ಗುಂಡಿಗಳನ್ನು ಆರಿಸಿಬಿಡಿ.

ಇದರ ಜೊತೆಗೆ ಕಾಗದದ ಆಕಾರ. ಮೊಬೈಲ್ ಫೋಟೊ ಸಾಮಾನ್ಯವಾಗಿ 4:3 ಪ್ರಮಾಣದ್ದು, ಪೋಸ್ಟ್‌ಕಾರ್ಡ್ ಕಾಗದ ಹತ್ತಿರಹತ್ತಿರ 3:2. ತುಂಬಿಸಿ ಮುದ್ರಿಸಿದರೆ ಶೇ 11ರಷ್ಟು ಭಾಗ ಕತ್ತರಿಸಿಹೋಗುತ್ತದೆ. ಅಂಚಿನಲ್ಲಿ ನಿಂತವರು ಮೊದಲು ಹೋಗುತ್ತಾರೆ. ನಮ್ಮ ಮನೆಯ ಫೋಟೊಗಳಲ್ಲಿ ಅಂಚಿನಲ್ಲಿ ನಿಲ್ಲುವವರು ಯಾರು ಎಂದು ನಿಮಗೆ ಆಗಲೇ ಹೇಳಿದ್ದೇನೆ.

ಮೆಗಾಪಿಕ್ಸೆಲ್ ಕುರಿತೂ ಒಂದು ಮಾತು. ಆರು ಇಂಚು ಉದ್ದ, ನಾಲ್ಕು ಇಂಚು ಅಗಲದ ಫೋಟೊಗೆ 300 ಡಿಪಿಐ ಲೆಕ್ಕದಲ್ಲಿ ಬೇಕಾಗುವುದು 1,800 x 1,200 ಪಿಕ್ಸೆಲ್, ಅಂದರೆ ಕೇವಲ 2.16 ಮೆಗಾಪಿಕ್ಸೆಲ್. ನಿಮ್ಮ ಹಳೆಯ ಮೊಬೈಲ್ ಕೂಡ ಸಾಕು. ಆದರೆ ಗುಂಪಿನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದಿದ್ದು, ಅದರಲ್ಲಿ ಒಂದು ಮುಖ 180 ಪಿಕ್ಸೆಲ್‌ನಷ್ಟು ಮಾತ್ರ ಇದ್ದರೆ? ಗೋಡೆಯ ಚೌಕಟ್ಟಿನಲ್ಲಿ ಆ ಮುಖ ಆರು ಇಂಚು ಎತ್ತರ ಬರಬೇಕಾದಾಗ ಇಂಚಿಗೆ ಮೂವತ್ತೇ ಚುಕ್ಕೆ. ತಾತನ ವಿಷಯದಲ್ಲಿ ಸ್ಟುಡಿಯೊದವರು ಗುಂಪಿನ ಫೋಟೊ ಬೇಡ ಎಂದದ್ದು ಇದಕ್ಕೇ. ಆವತ್ತು ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಈಗ ಲೆಕ್ಕ ಗೊತ್ತಾಗಿದೆ.

ಹಾಗಾದರೆ ಏನು ಮಾಡಬೇಕು?

ಇಷ್ಟೆಲ್ಲ ಓದಿ ಇವಳು ಯಂತ್ರದ ವಿರೋಧಿ ಎಂದುಕೊಳ್ಳಬೇಡಿ. ಪ್ರಿಂಟಿನ ಗುಣಮಟ್ಟದ ಬಗ್ಗೆ ನನ್ನದು ಯಾವ ದೂರೂ ಇಲ್ಲ. ಸ್ಟುಡಿಯೊಗಳಲ್ಲಿ ಐದು ನಿಮಿಷದಲ್ಲಿ ಪಾಸ್‌ಪೋರ್ಟ್ ಫೋಟೊ ಕೊಡುವ ಯಂತ್ರಗಳಲ್ಲಿ ಹಲವು ಇದೇ ಡೈ ಸಬ್ಲಿಮೇಷನ್‌ನ ಅಣ್ಣಂದಿರು. ಅವರು ಕಾಗದವನ್ನು ರೋಲ್ ಲೆಕ್ಕದಲ್ಲಿ ಕೊಳ್ಳುತ್ತಾರೆ, ದಿನವಿಡೀ ಯಂತ್ರ ಓಡಿಸುತ್ತಾರೆ, ಆದ್ದರಿಂದ ಅವರಿಗೆ ಗಿಟ್ಟುತ್ತದೆ. ಯಂತ್ರದ ಅರ್ಥಶಾಸ್ತ್ರ ಅದು ಎಷ್ಟು ಓಡುತ್ತದೆ ಎಂಬುದರ ಮೇಲೆ ನಿಂತಿದೆ. ನಮ್ಮ ಬೀರುವಿನ ಮೇಲೆ ಡಬ್ಬಿಯಲ್ಲಿ ಕೂತ ಯಂತ್ರ ಯಾರಿಗೂ ಗಿಟ್ಟುವುದಿಲ್ಲ.

ಅದಕ್ಕೇ ನನ್ನ ಮೊದಲ ಸಲಹೆ ವಿದ್ಯಾರ್ಥಿಗಳಿಗಲ್ಲ, ಕಾಲೇಜುಗಳಿಗೆ. ಪ್ರತಿ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ ಅಥವಾ ಗ್ರಂಥಾಲಯದಲ್ಲಿ ಇಂಥ ಒಂದು ಯಂತ್ರ ಇರಲಿ. ಅರವತ್ತು ಜನರ ಒಂದೇ ತರಗತಿ ತಲಾ ಮೂರು ಹಾಳೆ ಬಳಸಿದರೂ ವರ್ಷಕ್ಕೆ 180 ಹಾಳೆಯಾಯಿತು. ಹೊರಗೆ ಕೊಡುವ ಹಣಕ್ಕೆ ಹೋಲಿಸಿದರೆ ಒಂದು ವರ್ಷದೊಳಗೆ ಯಂತ್ರದ ಬೆಲೆಯಷ್ಟು ವಿದ್ಯಾರ್ಥಿಗಳ ಜೇಬಿನಲ್ಲಿ ಉಳಿಯುತ್ತದೆ. ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಇದರ ಕಷ್ಟ ಗೊತ್ತು: ಐಬಿಪಿಎಸ್ ಅರ್ಜಿಗೆ ಫೋಟೊ ಅಪ್‌ಲೋಡ್ ಮಾಡಿದರೆ ಮುಗಿಯಲಿಲ್ಲ, ಪರೀಕ್ಷೆಯ ದಿನ ಕರೆಪತ್ರದ ಮೇಲೂ ಫೋಟೊ ಅಂಟಿಸಬೇಕು, ಅದು ಅರ್ಜಿಯಲ್ಲಿದ್ದ ಫೋಟೊವೇ ಆದರೆ ಒಳ್ಳೆಯದು. ಬೆಳಿಗ್ಗೆ ಏಳು ಗಂಟೆಗೆ ಪರೀಕ್ಷಾ ಕೇಂದ್ರದ ಎದುರು ಸ್ಟುಡಿಯೊ ಬಾಗಿಲು ತಟ್ಟಿದವರನ್ನು ನಾನೇ ನೋಡಿದ್ದೇನೆ. ಅರ್ಜಿ ಹಾಕಿದ ದಿನವೇ ಎಂಟು ಪ್ರತಿ ಕೈಯಲ್ಲಿದ್ದರೆ ಆ ಓಟ ತಪ್ಪುತ್ತದೆ. ಪ್ರಿಂಟರ್ ಇಲ್ಲದಿದ್ದರೂ ಈ ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು, ಕೊಳ್ಳಲೇಬೇಕು ಎನ್ನುವವರಿಗೆ. ಪೆಟ್ಟಿಗೆಯ ಮೇಲಿನ ಬೆಲೆ ನೋಡುವ ಮೊದಲು ಕಾಗದದ ಬೆಲೆಯನ್ನು ಹಾಳೆಯ ಸಂಖ್ಯೆಯಿಂದ ಭಾಗಿಸಿ. ಆ ಕಾಗದ ನಿಮ್ಮೂರಲ್ಲಿ ಸಿಗುತ್ತದೆಯೇ, ಆನ್‌ಲೈನ್‌ನಲ್ಲಿ ಮಾತ್ರವೇ ವಿಚಾರಿಸಿ. ಆ್ಯಪ್ ಇಲ್ಲದೆ, ಮೆಮೊರಿ ಕಾರ್ಡ್ ಅಥವಾ ವೈರ್ ಮೂಲಕ ಪ್ರಿಂಟ್ ಆಗುತ್ತದೆಯೇ ಕೇಳಿ. ಆ್ಯಪ್ ನಿಂತ ದಿನ ಯಂತ್ರವೂ ನಿಲ್ಲಬಾರದು. ವರ್ಷಕ್ಕೆ ಎಷ್ಟು ಫೋಟೊ ಬೇಕು ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಉತ್ತರ ನೂರಕ್ಕಿಂತ ಕಡಿಮೆ ಇದ್ದರೆ ದುಡ್ಡು ಉಳಿಸಿ. ಮೋಜಿಗೆ ಕೊಳ್ಳುತ್ತೇನೆ ಎನ್ನುವುದೂ ತಪ್ಪಲ್ಲ, ಮೋಜಿಗೆ ಎಂದು ತಿಳಿದು ಕೊಂಡರೆ ಸಾಕು. ನಮ್ಮ ತಪ್ಪು ಅದನ್ನು ಉಳಿತಾಯ ಎಂದು ನಂಬಿದ್ದು.

ಮೂರನೆಯದು ಎಲ್ಲರಿಗೂ. ತಿಂಗಳಿಗೆ ಎರಡು ಫೋಟೊ ಆರಿಸಿ. ವರ್ಷಕ್ಕೆ 24. ಊರಿನ ಸ್ಟುಡಿಯೊದಲ್ಲಿ ಮುದ್ರಿಸಿದರೆ ನಮ್ಮ ಕಡೆಯ ದರದಲ್ಲಿ ₹360. ಒಂದು ಸಿನಿಮಾ, ಒಂದು ಪಿಜ್ಜಾಕ್ಕೆ ಹೋಗುವ ಹಣ. ಹಿಂದೆ ಪೆನ್ಸಿಲಿನಲ್ಲಿ ಹೆಸರು, ದಿನಾಂಕ, ಊರು ಬರೆಯಿರಿ. ಮೊಬೈಲ್ ಸಂಪಿಗೆ ಬಿದ್ದರೂ, ಗೂಗಲ್ ಖಾತೆಯ ಪಾಸ್‌ವರ್ಡ್ ಮರೆತರೂ ಅವು ಉಳಿಯುತ್ತವೆ. ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ: ಎರಡೇ ಆರಿಸಬೇಕು ಎಂದಾಗ, ಆ ತಿಂಗಳು ಯಾರ ಫೋಟೊವನ್ನೇ ತೆಗೆದಿಲ್ಲ ಎಂಬುದು ಕಾಣುತ್ತದೆ.

ನಮ್ಮ ಯಂತ್ರ ಈಗ ಹಾಸ್ಟೆಲಿನ ಎಲ್ಲರದ್ದು. ಹಾಳೆಗೆ ₹30 ಕೊಟ್ಟು ಯಾರು ಬೇಕಾದರೂ ಪಾಸ್‌ಪೋರ್ಟ್ ಫೋಟೊ ಮುದ್ರಿಸಿಕೊಳ್ಳಬಹುದು. ಮೇಲಿನ ₹3 ಹಾಳಾಗುವ ಹಾಳೆಗಳಿಗೆ. ಹಾಕಿದ ಹಣ ಬರುವುದಿಲ್ಲ ಎಂದು ನಾಲ್ವರೂ ಒಪ್ಪಿಕೊಂಡಿದ್ದೇವೆ. ಅಮ್ಮನಿಗೆ ಸಂಘದ ಕಂತಿಗೆಂದು ನನ್ನ ವಿದ್ಯಾರ್ಥಿವೇತನದಲ್ಲಿ ಸ್ವಲ್ಪ ಸ್ವಲ್ಪ ಕೊಡುತ್ತಿದ್ದೇನೆ. ಇನ್ನೂ ₹1,250 ಬಾಕಿ ಇದೆ.

ಅಜ್ಜಿಯ ಹಚ್ಚೆ ಇರುವ ಫೋಟೊ ಈಗ ಅಡಿಕೆ ಚೀಲದಲ್ಲಿಲ್ಲ. ಕಾಗದದ ಲಕೋಟೆಯಲ್ಲಿ, ಟ್ರಂಕಿನಲ್ಲಿ, ಸೀರೆಗಳ ನಡುವೆ ಇದೆ. ಮನೆಗೆ ಯಾರು ಬಂದರೂ ತೆಗೆದು ತೋರಿಸುತ್ತಾರೆ. ನಡುಮನೆಯ ಗೋಡೆಯ ಮೇಲೆ ತಾತನದು ಮಾತ್ರ ಇನ್ನೂ ಅದೇ ಆಧಾರ್ ಮುಖ. ಅದಕ್ಕೆ ಯಾವ ಪ್ರಿಂಟರಿನಲ್ಲೂ ಉಪಾಯವಿಲ್ಲ. ಈ ವಾರ ಊರಿಗೆ ಹೋಗುವವರಿದ್ದರೆ ನನ್ನದೊಂದು ಕೋರಿಕೆ: ಮನೆಯ ಹಿರಿಯರನ್ನು ಬೆಳಕಿಗೆ ಕೂರಿಸಿ, ಒಬ್ಬರದೇ ಒಂದು ಫೋಟೊ ತೆಗೆಯಿರಿ. ಬರುವಾಗ ಬಸ್ ನಿಲ್ದಾಣದ ಬಳಿಯ ಸ್ಟುಡಿಯೊದಲ್ಲಿ ಎರಡು ಪ್ರತಿ ಮಾಡಿಸಿ, ಒಂದನ್ನು ಅವರ ಕೈಗೇ ಕೊಡಿ.